ಹರಕೆಯೂ ಇರಲಿ, ಮಾತ್ರೆಯೂ ಇರಲಿ

ಮನೆಯಲ್ಲಿ ಒಬ್ಬರ ಮನಸ್ಸು ಹದ ತಪ್ಪಿತೆಂದರೆ ಮನೆಮಂದಿಗೆಲ್ಲ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಮಗಳು ಮೂಲೆ ಸೇರಿ ಮಾತು ಬಿಟ್ಟಿದ್ದಾಳೆ, ಮಗ ರಾತ್ರಿಯೆಲ್ಲ ಎದ್ದು ತಿರುಗುತ್ತಾನೆ, ಯಾರೂ ಕರೆಯದಿದ್ದರೂ ಓಗೊಡುತ್ತಾನೆ. ಆಗ ನೀವು ಮೊದಲು ಕುಲದೇವರಿಗೆ ಮುಡಿಪು ಕಟ್ಟುತ್ತೀರಿ. ಗಾಣಗಾಪುರಕ್ಕೆ ಕರೆದೊಯ್ದು ದತ್ತನ ಸನ್ನಿಧಿಯಲ್ಲಿ ಕೂರಿಸುತ್ತೀರಿ, ದರ್ಗಾದಲ್ಲಿ ತಾಯಿತ ಕಟ್ಟಿಸುತ್ತೀರಿ, ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸುತ್ತೀರಿ. ಅದರ ಜೊತೆಗೆ ಯಾರೋ ಹೇಳಿದ ಬೇರು, ಇನ್ಯಾರೋ ಕೊಟ್ಟ ಪುಡಿ, ಫೋನಿನಲ್ಲಿ ನೋಡಿ ತರಿಸಿದ ಡಬ್ಬಿ. ಇದೆಲ್ಲ ಮುಗಿದು ಕೈಯಲ್ಲಿದ್ದ ಕಾಸೂ ಕರಗಿದ ಮೇಲೆ ಆಸ್ಪತ್ರೆ.

ನಿಮ್ಮ ಭಕ್ತಿಯನ್ನು ಪ್ರಶ್ನಿಸಲು ನಾನು ಬಂದಿಲ್ಲ. ಹರಕೆ ಹೊರಿ, ದೀಪ ಹಚ್ಚಿ, ಜಪ ಮಾಡಿ, ಐದು ಹೊತ್ತು ನಮಾಜು ಮಾಡಿ. ವೈದ್ಯರಲ್ಲೇ ನಾರಾಯಣನನ್ನು ಕಂಡವರು ನಮ್ಮ ಹಿರಿಯರು; ಅವರಿಗೆ ದೇವರೂ ಮದ್ದೂ ಎಂದೂ ಎದುರಾಳಿಗಳಾಗಿರಲಿಲ್ಲ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು: ದೇವರ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬೇಡಿ, ಮತ್ತು ಬಾಯಿಗೆ ಹಾಕುವ ಪ್ರತಿಯೊಂದನ್ನೂ ವೈದ್ಯರಿಗೆ ಹೇಳಿ. ನಾನು ಸ್ವಲ್ಪ ಗದರಿದರೆ ಬೇಸರಪಡಬೇಡಿ.

ದೇವಸ್ಥಾನದಲ್ಲಿ ಮನಸ್ಸಿಗೆ ಸಮಾಧಾನ ಸಿಗುತ್ತದೆ ಎಂಬುದು ಬರೀ ನಂಬಿಕೆಯ ಮಾತಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಮಂದಿಯನ್ನು ಗಮನಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅಲ್ಲಿ ಹೊಡೆತ ಬಡಿತ ಇರಲಿಲ್ಲ. ಮನೆಯವರೊಬ್ಬರು ಜೊತೆಗಿರುತ್ತಿದ್ದರು, ಬೆಳಗಿನ ಪೂಜೆ, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಹೀಗೆ ದಿನ ಕಳೆಯುತ್ತಿತ್ತು. ಕೆಲವು ವಾರಗಳಲ್ಲಿ ರೋಗಲಕ್ಷಣಗಳ ಅಳತೆ ಸುಮಾರು ಶೇ. 20ರಷ್ಟು ಇಳಿದಿತ್ತು. ಆದರೆ ಇದನ್ನೇ ಹಿಡಿದುಕೊಂಡು ಮಾತ್ರೆ ಬೇಡ ಎನ್ನಬೇಡಿ. ಅದು ಸಣ್ಣ ಅಧ್ಯಯನ, ಮತ್ತು ಉಳಿದ ಎಂಬತ್ತು ಪಾಲು ಹಾಗೇ ಇತ್ತಲ್ಲ! ಅಲ್ಲಿ ಕೆಲಸ ಮಾಡಿದ್ದು ನೆಮ್ಮದಿಯ ಜಾಗ, ಪ್ರೀತಿಯ ಜನ, ಹೊತ್ತುಹೊತ್ತಿನ ದಿನಚರಿ. ಅದನ್ನು ನೀವು ಮನೆಯಲ್ಲೂ ಕೊಡಬಹುದು, ಮಾತ್ರೆಯ ಜೊತೆಗೇ ಕೊಡಬಹುದು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ದುವಾ ಕೇಳಲು ಬಂದವರಿಗೆ ಅಲ್ಲೇ ಮನೋವೈದ್ಯರೂ ಸಿಗುವಂತೆ ‘ದವಾ-ದುವಾ’ ಎಂಬ ಕಾರ್ಯಕ್ರಮ ನಡೆಸಿದ್ದಾರೆ. ಮುಜಾವರರೇ ಭಕ್ತರನ್ನು ವೈದ್ಯರ ಹತ್ತಿರ ಕಳಿಸುತ್ತಾರೆ. ದೇವರಿಗೆ ಇಲ್ಲದ ಹಟ ನಿಮಗೇಕೆ?

ಮೊದಲನೆಯ ಮಾತು. ಸ್ವಲ್ಪ ವಾಸಿಯಾದಂತೆ ಕಂಡ ಕೂಡಲೇ ಮಾತ್ರೆ ಬಿಡಬೇಡಿ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಚೆನ್ನಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಎನ್ನುತ್ತಾರೆ ವೈದ್ಯರು. ಈ ನಡುವೆ ನೀವು ಒಂದು ಕ್ಷೇತ್ರಕ್ಕೆ ಹೋಗಿ ಬರುತ್ತೀರಿ, ಅದೇ ಹೊತ್ತಿಗೆ ಮಾತ್ರೆಯೂ ಹಿಡಿದಿರುತ್ತದೆ. ಗುಣವೆಲ್ಲ ಕ್ಷೇತ್ರದ ಪಾಲಿಗೆ, ಮಾತ್ರೆ ಕಸದ ಬುಟ್ಟಿಗೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರುತ್ತವೆ. ಕೆಲವರಿಗೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ. ಬಿಡಲೇಬೇಕೆಂದರೆ ವೈದ್ಯರನ್ನು ಕೇಳಿ, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಿ.

ಎರಡನೆಯದು, ಗಿಡಮೂಲಿಕೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡವನ್ನು ಕಡೆಗಣಿಸಬೇಡಿ ಎಂದು ಎಚ್ಚರಿಸುತ್ತದೆ, ಸರಿ. ಆದರೆ ಮದ್ದು ಎಂದು ಒಪ್ಪಿಕೊಂಡ ಮೇಲೆ ಅದಕ್ಕೆ ಅಳತೆಯೂ ಬೇಕು, ಅಡ್ಡ ಪರಿಣಾಮವೂ ಇರುತ್ತದೆ ಎಂದು ಒಪ್ಪಬೇಕು. ಸರ್ಪಗಂಧದ ಕತೆ ಕೇಳಿ. ಹುಚ್ಚಿಗೂ ರಕ್ತದೊತ್ತಡಕ್ಕೂ ಆ ಬೇರು ಕೆಲಸ ಮಾಡುತ್ತದೆ ಎಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಸ್ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ದೇಶವಿದೇಶಗಳ ಮಾನಸಿಕ ಆಸ್ಪತ್ರೆಗಳಲ್ಲಿ ಅದನ್ನು ಕೊಟ್ಟರು. ನಮ್ಮ ಹಳ್ಳಿ ವೈದ್ಯರ ಬೇರಿಗೆ ನಿಜವಾದ ಶಕ್ತಿ ಇತ್ತು, ಹೆಮ್ಮೆಪಡಿ. ಅದೇ ಬೇರು ರಕ್ತದೊತ್ತಡವನ್ನು ತೀರಾ ಇಳಿಸಬಲ್ಲದು, ಕೆಲವರನ್ನು ಖಿನ್ನತೆಗೆ ನೂಕಬಲ್ಲದು ಎಂಬುದೂ ತಿಳಿದುಬಂತು. ಬೇರೆ ಮದ್ದುಗಳು ಬಂದಂತೆ ಅದರ ಬಳಕೆ ಕಡಿಮೆಯಾಯಿತು. ಶಕ್ತಿಯಿದ್ದಲ್ಲಿ ಅಪಾಯವೂ ಇದೆ. ಅತಿಯಾದರೆ ಅಮೃತವೂ ವಿಷ.

ಮಲೆನಾಡು ಕರಾವಳಿಯಲ್ಲಿ ಒಂದೆಲಗದ ತಂಬುಳಿ ಮಾಡುತ್ತಾರಲ್ಲ, ಎಂಟು ಹತ್ತು ಎಲೆ, ಚೂರು ಕಾಯಿತುರಿ, ನಾಲ್ಕು ಕಾಳುಮೆಣಸು, ಜೀರಿಗೆ, ಮಜ್ಜಿಗೆ. ಅದನ್ನು ಉಣ್ಣಲು ಯಾರನ್ನೂ ಕೇಳಬೇಕಿಲ್ಲ, ಹೊಟ್ಟೆ ತುಂಬ ಉಣ್ಣಿ. ಚಮಚದಷ್ಟು ತುಳಸಿ ತೀರ್ಥವೂ ಹಾಗೆಯೇ. ಆದರೆ ರಾಶಿ ಸೊಪ್ಪಿನ ಸಾರ ಹಿಂಡಿ ಒಂದು ಕ್ಯಾಪ್ಸೂಲಿನಲ್ಲಿ ತುಂಬಿದರೆ ಅದು ತಂಬುಳಿಯಲ್ಲ, ಔಷಧಿ. ಔಷಧಿಗೆ ಇರುವ ಕಟ್ಟುಪಾಡೆಲ್ಲ ಅದಕ್ಕೂ ಇರಬೇಕು.

ಮೂರನೆಯದು, ಯಾವುದರ ಜೊತೆ ಯಾವುದು ಸಲ್ಲದು ಎಂದು ತಿಳಿದುಕೊಳ್ಳಿ. ಹೆಚ್ಚಿನ ಗಿಡಮೂಲಿಕೆಗೂ ಮಾತ್ರೆಗೂ ಯಕೃತ್ತೇ ದಾರಿ. ಜಾತ್ರೆಯ ದಿನ ಗರ್ಭಗುಡಿಯ ಒಂದೇ ಬಾಗಿಲಿಗೆ ಎಲ್ಲರೂ ನುಗ್ಗಿದಂತೆ ಅಲ್ಲಿ ನೂಕುನುಗ್ಗಲಾಗುತ್ತದೆ. ಕೆಲವು ಗಿಡಗಳು ಮಾತ್ರೆಯನ್ನು ಬೇಗ ಹೊರದಬ್ಬುತ್ತವೆ, ಮಾತ್ರೆ ನಾಟುವುದಿಲ್ಲ. ಕೆಲವು ತಡೆದು ನಿಲ್ಲಿಸುತ್ತವೆ, ಮಾತ್ರೆ ಮೈಯಲ್ಲೇ ಉಳಿದು ವಿಷದಂತಾಗುತ್ತದೆ.

ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡ ಯುರೋಪಿನದು, ಸಂತ ಯೋಹಾನರ ಹಬ್ಬದ ಹೊತ್ತಿಗೆ ಹೂ ಬಿಡುತ್ತದೆಂದು ಆ ಹೆಸರು. ಈಗ ನಮ್ಮಲ್ಲೂ ಆನ್‌ಲೈನಿನಲ್ಲಿ ಸಿಗುತ್ತದೆ. ಸೌಮ್ಯ ಖಿನ್ನತೆಗೆ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಆಧಾರವಿದೆ. ಆದರೆ ಎಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳ ಜೊತೆ ಸೇರಿದರೆ ಮೈ ನಡುಕ, ಬೆವರು, ಜ್ವರ, ಗೊಂದಲ ಬಂದು ಜೀವಕ್ಕೇ ಸಂಚಕಾರವಾಗಬಹುದು. ಗರ್ಭನಿರೋಧಕ ಗುಳಿಗೆಯನ್ನೂ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಅದು ನಿಷ್ಫಲಗೊಳಿಸಬಲ್ಲದು. ವೈದ್ಯರಿಗೆ ಹೇಳದೆ ಅದನ್ನು ಮುಟ್ಟಲೇಬೇಡಿ.

ಹಿರೇಮದ್ದು, ಅಂದರೆ ಅಶ್ವಗಂಧ, ಈಗ ಎಲ್ಲರ ಮನೆಯಲ್ಲೂ ಇದೆ. ಒತ್ತಡಕ್ಕೂ ನಿದ್ದೆಗೂ ಸ್ವಲ್ಪ ಉಪಕಾರವಾದೀತು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಆದರೆ ನಿದ್ದೆ ಮಾತ್ರೆಯ ಜೊತೆ ತಗೊಂಡರೆ ಮಂಪರು ಹೆಚ್ಚುತ್ತದೆ, ಥೈರಾಯ್ಡ್ ಏರುಪೇರಾಗಬಹುದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಬಂದದ್ದೂ ವರದಿಯಾಗಿದೆ. ಬಸುರಿಯರಿಗೆ ಬೇಡವೇ ಬೇಡ. ತಗರ, ಜಟಾಮಾಂಸಿ ಸಹ ನಿದ್ದೆ ತರುವಂಥವು. ವಯಸ್ಸಾದವರು ಇವನ್ನೂ ನಿದ್ದೆ ಮಾತ್ರೆಯನ್ನೂ ಒಟ್ಟಿಗೆ ನುಂಗಿ, ನಡುರಾತ್ರಿ ಬಚ್ಚಲಿಗೆ ಎದ್ದು ಜಾರಿ ಬಿದ್ದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುತ್ತಾರೆ. ಜ್ಯೇಷ್ಠಮಧುವನ್ನು ದಿನವೂ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ, ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಇನ್ನು ನಮ್ಮ ದೇವನಹಳ್ಳಿ ಚಕ್ಕೋತ. ಅದು ಗ್ರೇಪ್‌ಫ್ರೂಟ್‌ನ ಹತ್ತಿರದ ನೆಂಟ. ಕಾರ್ಬಮಜೆಪಿನ್, ಕ್ವೆಟಿಯಾಪಿನ್ ನುಂಗುವವರಿಗೆ ಗ್ರೇಪ್‌ಫ್ರೂಟ್ ಬೇಡ ಎನ್ನುತ್ತಾರೆ, ಚಕ್ಕೋತವನ್ನೂ ವೈದ್ಯರನ್ನು ಕೇಳಿಯೇ ತಿನ್ನಿ. ಒಲಾಂಜಪಿನ್ ತಗೊಳ್ಳುವವರಿಗೆ ತೂಕವೂ ಸಕ್ಕರೆಯೂ ಏರುವ ಭಯ ಮೊದಲೇ ಇರುತ್ತದೆ. ಅಂಥವರಿಗೆ ಬೆಲ್ಲ, ತುಪ್ಪ ಹಾಕಿದ ಲೇಹ್ಯ, ಘೃತಗಳನ್ನು ಚಮಚಗಟ್ಟಲೆ ತಿನ್ನಿಸಿ ಪುಷ್ಟಿ ಬರಲಿ ಎನ್ನಬೇಡಿ.

ನಾಲ್ಕನೆಯದು ವ್ರತ, ಉಪವಾಸ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಏಕೆಂದರೆ ಯಾರೂ ನಿಮಗೆ ಹೇಳಿರುವುದಿಲ್ಲ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ಉಪ್ಪು ಬಿಟ್ಟು ಉಪವಾಸ ಮಾಡಬಾರದು, ನೀರು ಕುಡಿಯದೆ ಇರಬಾರದು. ಮೈಯಲ್ಲಿ ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದು ಲೀಟರಿಗೆ ಸುಮಾರು 0.6ರಿಂದ 1.2 ಮಿಲಿಮೋಲ್‌ನೊಳಗೆ ಇರಬೇಕು. ಮದ್ದಿಗೂ ವಿಷಕ್ಕೂ ನಡುವೆ ಅಂತರ ಅಷ್ಟೇ. ಕೈ ಜೋರಾಗಿ ನಡುಗಿದರೆ, ವಾಂತಿಭೇದಿಯಾದರೆ, ನಾಲಿಗೆ ತೊದಲಿದರೆ, ನಡಿಗೆ ತೂರಾಡಿದರೆ ದೇವರ ಆವೇಶ ಎಂದು ಕೈಮುಗಿಯುತ್ತ ನಿಲ್ಲಬೇಡಿ, ಆಸ್ಪತ್ರೆಗೆ ಓಡಿ. ಪುನರ್ನವ, ನೆಗ್ಗಿಲಮುಳ್ಳಿನಂಥ ಮೂತ್ರ ಹೆಚ್ಚಿಸುವ ಮೂಲಿಕೆಗಳೂ ಲಿಥಿಯಂ ಜೊತೆ ಬೇಡ. ರಂಜಾನ್ ಉಪವಾಸ ಹಿಡಿಯುವವರು ತಿಂಗಳ ಮುಂಚೆಯೇ ವೈದ್ಯರನ್ನು ಕಾಣಿ. ಎಷ್ಟೋ ಮಾತ್ರೆಗಳನ್ನು ಸಹರಿಗೂ ಇಫ್ತಾರಿಗೂ ಹೊಂದಿಸಿಕೊಡಲು ಬರುತ್ತದೆ. ಯಾರಿಗೆ ಉಪವಾಸವೇ ಸಲ್ಲದು ಎಂಬುದನ್ನೂ ಅವರೇ ಹೇಳುತ್ತಾರೆ.

ಅಯ್ಯಪ್ಪ ಮಾಲೆ ಹಾಕಿ 41 ದಿನ ಬೀಡಿ ಸಿಗರೇಟು ಬಿಡುವವರಿದ್ದಾರೆ. ಬಹಳ ಒಳ್ಳೆಯದು, ಮತ್ತೆ ಹಿಡಿಯಬೇಡಿ. ಆದರೆ ಕ್ಲೋಜಪಿನ್ ಅಥವಾ ಒಲಾಂಜಪಿನ್ ನುಂಗುವವರು ವೈದ್ಯರಿಗೆ ತಿಳಿಸಿ ಬಿಡಿ. ಹೊಗೆ ಸೇದುವಾಗ ಆ ಮಾತ್ರೆ ಮೈಯಿಂದ ಬೇಗ ಹೊರಹೋಗುತ್ತಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದೇ ಪ್ರಮಾಣದ ಮಾತ್ರೆ ರಕ್ತದಲ್ಲಿ ಏರಿಬಿಡುತ್ತದೆ. ವಿಪರೀತ ಮಂಪರು, ಜೊಲ್ಲು, ಕೆಲವೊಮ್ಮೆ ಫಿಟ್ಸ್ ಕೂಡ ಬಂದೀತು. ಮಾತ್ರೆಯ ಪ್ರಮಾಣ ಇಳಿಸಬೇಕೋ ಬೇಡವೋ ಎಂದು ವೈದ್ಯರು ನಿರ್ಧರಿಸಲಿ.

ಐದನೆಯ ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಉತ್ತರ ಕರ್ನಾಟಕದ ಕೆಲವು ಜಾತ್ರೆಗಳಲ್ಲಿ, ಗದ್ದುಗೆಗಳಲ್ಲಿ ಗಾಂಜಾವನ್ನು ಪ್ರಸಾದವೆಂದು ಕೊಡುವ ರೂಢಿ ಇದೆ. ಶಿವರಾತ್ರಿಯಲ್ಲಿ ಭಂಗಿ ಕುಡಿಯುವವರೂ ಇದ್ದಾರೆ. ಮನಸ್ಸಿನ ಕಾಯಿಲೆ ಇರುವವರು, ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇರುವವರು ಅದನ್ನು ಸೇವಿಸಲೇಬಾರದು. ಚಿತ್ತಭ್ರಮೆಯನ್ನು ಕೆರಳಿಸುವುದರಲ್ಲಿ ಗಾಂಜಾದ ಪಾತ್ರ ದೊಡ್ಡದು, ಅದರಲ್ಲೂ ಹದಿಹರೆಯದವರಲ್ಲಿ. ಕಣ್ಣಿಗೊತ್ತಿಕೊಂಡು ನಮಸ್ಕರಿಸಿ ಬನ್ನಿ, ದೇವರು ಮುನಿಯುವುದಿಲ್ಲ.

ಆರನೆಯದು ಕೊಳ್ಳುವ ವಿಚಾರ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೆಸರಿಲ್ಲದ ಪೊಟ್ಟಣ, ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಟ್ಟ ಬೂದು ಪುಡಿ, ‘ಒಳಗೇನಿದೆ ಎಂದು ಕೇಳಬಾರದು, ಕೇಳಿದರೆ ಮದ್ದು ಫಲಿಸುವುದಿಲ್ಲ’ ಎನ್ನುವ ಮಾತು, ಈ ಮೂರರಲ್ಲಿ ಒಂದು ಕಂಡರೂ ಎದ್ದು ಬನ್ನಿ. ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು. ಸೀಸ ಮಿದುಳಿಗೇ ವಿಷ. ಮನಸ್ಸು ನೆಟ್ಟಗಾಗಲಿ ಎಂದು ತಿಂದದ್ದು ಮನಸ್ಸನ್ನೇ ಕೆಡಿಸಿದರೆ ಯಾರನ್ನು ದೂರುವಿರಿ? ಆಯುರ್ವೇದದ ಔಷಧಿಯಾದರೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ನೋಡಿ. ಆಹಾರ ಪೂರಕವೆಂದು ಮಾರುವುದಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ನೋಡಿ. ಗಿಡದ ಶಾಸ್ತ್ರೀಯ ಹೆಸರನ್ನೂ ಓದಿ. ಬ್ರಾಹ್ಮಿ ಎಂದು ಒಂದೆಲಗವನ್ನೂ ಮಾರುತ್ತಾರೆ, ನೀರುಬ್ರಾಹ್ಮಿಯನ್ನೂ ಮಾರುತ್ತಾರೆ, ಎರಡೂ ಬೇರೆ ಬೇರೆ. ಆಯುರ್ವೇದವೇ ಬೇಕೆಂದರೆ ಪದವಿ ಪಡೆದ ವೈದ್ಯರ ಬಳಿ ಹೋಗಿ. ಮಾನಸ ರೋಗದಲ್ಲೇ ಸ್ನಾತಕೋತ್ತರ ಪದವಿ ಪಡೆದ ಆಯುರ್ವೇದ ವೈದ್ಯರನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮಾನಸಿಕ ಆರೋಗ್ಯ ತಜ್ಞರೆಂದು ಒಪ್ಪಿದೆ. ನಿಮ್ಹಾನ್ಸ್‌ನಲ್ಲಿ ಯೋಗ, ಆಯುರ್ವೇದಗಳನ್ನು ಆಧುನಿಕ ವೈದ್ಯದ ಜೊತೆ ಹೊಂದಿಸಿ ನೋಡುವ ವಿಭಾಗವೇ ಇದೆ. ಬಲ್ಲವರಿರುವಾಗ ಬಸ್ ನಿಲ್ದಾಣದ ಪುಡಿ ಏಕೆ?

ಏಳನೆಯದು, ಮುಚ್ಚುಮರೆ. ಎಷ್ಟು ಮನೆಗಳಲ್ಲಿ ತಾಯಂದಿರು ಮಗನಿಗೆ ತಿಳಿಯದಂತೆ ಹಾಲಿಗೆ ಪುಡಿ ಬೆರೆಸಿ ಕೊಡುತ್ತಾರೆ! ವೈದ್ಯರ ಮುಂದೆ ಕೂತಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ‘ಬೇರೇನೂ ಕೊಡ್ತಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಮಗ ಹಗಲೂ ತೂಕಡಿಸುತ್ತಿರುತ್ತಾನೆ, ವೈದ್ಯರು ತಮ್ಮ ಮಾತ್ರೆಯೇ ಹೆಚ್ಚಾಯಿತೆಂದು ಇಳಿಸುತ್ತಾರೆ, ಕಾಯಿಲೆ ತಲೆಯೆತ್ತುತ್ತದೆ. ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು. ಬೈದಾರು ಎಂದು ಹೆದರಬೇಡಿ. ಬೈದರೆ ಬೈಸಿಕೊಳ್ಳಿ, ಜೀವಕ್ಕಿಂತ ಮಾನ ದೊಡ್ಡದಲ್ಲ. ವೈದ್ಯರಿಗೂ ನನ್ನದೊಂದು ಮಾತು: ಕೇಳುವಾಗ ಮುಖ ಗಂಟಿಕ್ಕಬೇಡಿ, ಗಂಟಿಕ್ಕಿದರೆ ಅವರು ಮುಂದಿನ ಸಲ ಹೇಳುವುದಿಲ್ಲ.

ಎಂಟನೆಯದು, ಮಾಡಬೇಕಾದ್ದು. ಡಬ್ಬಿಗೆ ದುಡ್ಡು ಸುರಿಯುವ ಮೊದಲು ರಕ್ತಪರೀಕ್ಷೆ ಮಾಡಿಸಿ. ಬಿ12 ಕಡಿಮೆಯಾದರೆ ಮಂಕು, ಮರೆವು, ಖಿನ್ನತೆ ಬರುತ್ತದೆ; ಶುದ್ಧ ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ. ಥೈರಾಯ್ಡ್ ಕೆಟ್ಟರೂ ಮನಸ್ಸು ಕುಗ್ಗುತ್ತದೆ. ರಕ್ತಹೀನತೆ, ಡಿ ಜೀವಸತ್ವ ನೋಡಿಸಿ. ಕೊರತೆ ಇದ್ದರೆ ತುಂಬಿಕೊಳ್ಳಿ, ಇಲ್ಲದಿದ್ದರೆ ಸುಮ್ಮನೆ ನುಂಗಬೇಡಿ. ಮೀನೆಣ್ಣೆಯ ಒಮೇಗಾ-3 ಖಿನ್ನತೆಯಲ್ಲಿ ಮಾತ್ರೆಯ ಜೊತೆಗೆ ಅಲ್ಪಸ್ವಲ್ಪ ಒದಗಬಹುದು, ಮಾತ್ರೆಯ ಬದಲಿಗಲ್ಲ. ಹೊತ್ತಿಗೆ ಸರಿಯಾಗಿ ರಾಗಿಮುದ್ದೆ, ಸೊಪ್ಪು, ಬೇಳೆ, ಮೊಸರು. ಬೆಳಗಿನ ಬಿಸಿಲಲ್ಲಿ ನಡಿಗೆ. ಸಂಜೆ ಭಜನೆಗೆ ಕರೆದೊಯ್ಯಿರಿ, ನಾಲ್ಕು ಜನರ ಮುಖ ನೋಡಲಿ.

ಮಕ್ಕಳು, ಬಸುರಿ, ಬಾಣಂತಿಯರ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಕೂಸಿಗೆ ಮಾತು ಚುರುಕಾಗಲಿ ಎಂದು ಬಜೆ ತೇದು ನೆಕ್ಕಿಸುವ ಅಜ್ಜಿಯರೇ, ಕೈಮುಗಿದು ಹೇಳುತ್ತೇನೆ, ಅದನ್ನು ಬಿಡಿ. ಅದರಲ್ಲಿರುವ ಅಸರೋನ್ ಎಂಬ ಅಂಶದ ಕಾರಣ ಅಮೆರಿಕದಲ್ಲಿ 1968ರಿಂದ ಬಜೆಯನ್ನು ಆಹಾರಕ್ಕೆ ಬೆರೆಸುವಂತಿಲ್ಲ. ಹೆರಿಗೆಯಾದ ಎರಡು ವಾರದೊಳಗೆ ಬಾಣಂತಿ ನಿದ್ದೆಗೆಟ್ಟು ಅಸಂಬದ್ಧ ಮಾತಾಡತೊಡಗಿದರೆ ಅದು ಗಾಳಿ ಸೋಕಿದ್ದಲ್ಲ, ತುರ್ತು ಕಾಯಿಲೆ. ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೆ ಇಟ್ಟು ನೋಡಿಕೊಳ್ಳುವ ವಾರ್ಡ್ ನಿಮ್ಹಾನ್ಸ್‌ನಲ್ಲಿದೆ.

ಕಟ್ಟಿಹಾಕುವುದಂತೂ ಕೂಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಆಸರೆಗೆಂದು ಬಂದವರನ್ನು ಇರಿಸಿಕೊಂಡಿದ್ದ ಮನೆಯೊಂದಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಕರ್ನಾಟಕದ ವಾಮಾಚಾರ ನಿಷೇಧ ಕಾನೂನಿನಲ್ಲೂ ಅಪರಾಧ. ಮದುವೆ ಮಾಡಿಸುವುದೂ ಮದ್ದಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆಯನ್ನು ಮರೆತುಬಿಡಿ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಎರಡು ಜೀವ ನರಳುತ್ತವೆ.

ಸಾಯುವ ಮಾತು, ಅನ್ನ ನೀರು ಬಿಟ್ಟಿರುವುದು, ರಾತ್ರಿಗಟ್ಟಲೆ ನಿದ್ದೆಯಿಲ್ಲದ ಕೂಗಾಟ, ಜ್ವರದೊಂದಿಗೆ ಮೈ ಸೆಟೆಯುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅಮಾವಾಸ್ಯೆ ಕಳೆಯಲಿ ಎಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತುಪಡಿಸಿದ ಮಂಗಳವಾರಗಳಂದು ಮನೋವೈದ್ಯರು ಸಿಗುತ್ತಾರೆ. ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ.

ಈಗ ಎದ್ದು ಒಂದು ಕೆಲಸ ಮಾಡಿ. ಮನೆಯಲ್ಲಿ ಕಾಯಿಲೆಯವರು ನುಂಗುವ ಪ್ರತಿಯೊಂದನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ಮಾತ್ರೆ, ಲೇಹ್ಯ, ಕಷಾಯ, ಮಂತ್ರಿಸಿದ ನೀರು, ಆನ್‌ಲೈನ್ ಡಬ್ಬಿ, ಎಷ್ಟು, ಯಾವ ಹೊತ್ತಿಗೆ. ಹಿಡಿಯಲಿರುವ ವ್ರತ, ಉಪವಾಸದ ದಿನಗಳನ್ನೂ ಬರೆಯಿರಿ. ಮುಂದಿನ ಸಲ ಹೋಗುವಾಗ ಆ ಹಾಳೆಯನ್ನೂ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ಯಾವುದು ಇರಲಿ, ಯಾವುದು ಬೇಡ ಎಂದು ಅವರು ಗುರುತು ಹಾಕಿಕೊಡಲಿ. ಅದೇ ಹಾಳೆಯನ್ನು ನಿಮ್ಮ ಅರ್ಚಕರಿಗೋ ಮುಜಾವರರಿಗೋ ಪಾದ್ರಿಗಳಿಗೋ ತೋರಿಸಿ, ‘ಮಾತ್ರೆ ತಪ್ಪಿಸಬೇಡ ಎಂದು ನೀವೂ ಒಂದು ಮಾತು ಹೇಳಿ’ ಎಂದು ಕೇಳಿಕೊಳ್ಳಿ. ನೀವು ಹೇಳಿದರೆ ಕೇಳದ ಮಗ ಅವರ ಮಾತಿಗೆ ತಲೆಬಾಗಿಸಿಯಾನು.